ಮೀನು ಸರಿ, ನಾನು?

ಇಲ್ಲಿ ಏನಾದ್ರೂ ಬರೆದು ತುಂಬಾ ದಿನ ಆಯ್ತು. ಬ್ಲಾಗಿಗೆ ಬೀಗ ಹಾಕಿದ್ಯಾ ಅಂತ ಇಬ್ಬರು ಮೂವರು ಕೇಳಿದ್ರು. ಬೀಗ ಹಾಕಿಲ್ಲ. ಬರೆಯೋಕೆ ಕೂತಾಗೆಲ್ಲ ಒಂದೇ ವಿಷಯ ಎದುರಿಗೆ ಬಂದು ನಿಲ್ತಿತ್ತು. ಅದನ್ನ ಪಕ್ಕಕ್ಕೆ ಸರಿಸಿ ಮಳೆ ಬಗ್ಗೆಯೋ ಸಿನಿಮಾ ಬಗ್ಗೆಯೋ ಬರೆಯೋಕೆ ಮನಸ್ಸು ಬರ್ತಿರಲಿಲ್ಲ. ಹಾಗಾಗಿ ಇವತ್ತು ಅದನ್ನೇ ಬರೆದು ಮುಗಿಸಿಬಿಡೋಣ ಅಂತ. ಸ್ವಲ್ಪ ಉದ್ದ ಆಗತ್ತೆ, ಕಾಫಿ ಮಾಡ್ಕೊಂಡು ಬಂದು ಕೂತ್ಕೊಳ್ಳಿ :)

ಮೊದಲು ನನ್ನ ಕೆಲಸದ ವಿಷಯ. ಮದುವೆ ಮನೆಗಳಲ್ಲಿ ಯಾರಾದ್ರೂ "ಈಗೇನು ಮಾಡ್ಕೊಂಡಿದೀಯೇ?" ಅಂತ ಕೇಳಿದ್ರೆ ನಾನು "ಮೀನು ಸಾಕ್ತೀನಿ" ಅಂತೀನಿ. ಕೇಳಿದವರ ಮುಖ ನೋಡಬೇಕು ನೀವು! ಎಮ್ಮೆಸ್ಸಿ ಓದಿಸಿದ್ದು ಇದಕ್ಕಾ ಅನ್ನೋ ಪ್ರಶ್ನೆ ಅವರ ಬಾಯಿಂದ ಬರದೇ ಇದ್ರೂ ಹುಬ್ಬಿನಲ್ಲಿ ಕಾಣತ್ತೆ. ನಮ್ಮದು ಮೊಟ್ಟೆ ಕೂಡ ಒಳಗೆ ಬರದ ಮನೆ ಬೇರೆ. ಆದ್ರೆ ನಿಜ ಅದೇ. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಮೀನಿನ ಕೋಣೆ ನೋಡ್ಕೊಳ್ಳೋದು ನನ್ನ ಕೆಲಸ. ಸಾಲುಸಾಲು ತೊಟ್ಟಿಗಳು, ದಿನವಿಡೀ ಗುಂಯ್ ಅನ್ನೋ ಪಂಪು, ಇಪ್ಪತ್ತೆಂಟೂವರೆ ಡಿಗ್ರಿಯ ನೀರು, ದಿನಕ್ಕೆ 14 ಗಂಟೆ ಬೆಳಕು, 10 ಗಂಟೆ ಕತ್ತಲೆ. ಅವುಗಳ ಊಟಕ್ಕೆ ಉಪ್ಪುನೀರಲ್ಲಿ ಸೀಗಡಿಯಂಥ ಪುಟ್ಟ ಜೀವಿಗಳನ್ನ ಮರಿ ಮಾಡಿಸಬೇಕು. ಹೊರಗಡೆ ಚಳಿ ಇರಲಿ, ಮಳೆ ಇರಲಿ, ನನ್ನ ಕೋಣೆಯಲ್ಲಿ ಸದಾ ಕರಾವಳಿಯ ಸೆಕೆ.

ಮೀನಿನ ಹೆಸರು ಜೀಬ್ರಾ ಮೀನು. ಕಿರುಬೆರಳಿನಷ್ಟು ಉದ್ದ, ಮೈಮೇಲೆ ನೀಲಿ ಪಟ್ಟೆ. ಅಕ್ವೇರಿಯಂ ಅಂಗಡೀಲಿ ತುಂಬ ಅಗ್ಗಕ್ಕೆ ಸಿಗೋ ಮೀನುಗಳಲ್ಲಿ ಇದೂ ಒಂದು. ಇದು ಯಾವುದೋ ವಿದೇಶಿ ಮೀನು ಅಂದ್ಕೋಬೇಡಿ, ನಮ್ಮದೇ. ಗಂಗಾ ಬಯಲಿನ ಗದ್ದೆ, ಕಾಲುವೆಗಳಲ್ಲಿ, ಪಶ್ಚಿಮಘಟ್ಟದ ತೊರೆಗಳಲ್ಲಿ ಇರೋ ಮೀನು. ಚಿಕ್ಕವರಿದ್ದಾಗ ನಾವು ಹಳ್ಳದಲ್ಲಿ ಟವೆಲ್ ಅಡ್ಡ ಹಿಡಿದು ಹಿಡೀತಿದ್ದ ಮೀನುಮರಿಗಳ ದೂರದ ನೆಂಟ ಅಂತ ಇಟ್ಕೊಳ್ಳಿ. ಇದನ್ನ ಮೊದಲು ಶಾಸ್ತ್ರೀಯವಾಗಿ ವರ್ಣಿಸಿ ಹೆಸರಿಟ್ಟವನು ಫ್ರಾನ್ಸಿಸ್ ಹ್ಯಾಮಿಲ್ಟನ್, 1822ರಲ್ಲಿ, ಗಂಗಾನದಿಯ ಮೀನುಗಳ ಬಗ್ಗೆ ಬರೆದ ಪುಸ್ತಕದಲ್ಲಿ. ಡ್ಯಾನಿಯೋ ಅನ್ನೋ ಹೆಸರಿನಲ್ಲಿ ಬಂಗಾಳಿಯ 'ಧಾನ್', ಅಂದ್ರೆ ಭತ್ತ, ಇದೆ ಅಂತಾರೆ.

ಹ್ಯಾಮಿಲ್ಟನ್ ಅಂದ್ರೆ ನಿಮಗೆ ಗೊತ್ತಾಗಲಿಕ್ಕಿಲ್ಲ. ಬುಕಾನನ್ ಅಂದ್ರೆ? ಹೌದು, ಅದೇ ಮನುಷ್ಯ! ಟಿಪ್ಪು ಬಿದ್ದ ಮೇಲೆ 1800-01ರಲ್ಲಿ ಮೈಸೂರು ಸೀಮೆ, ಕೆನರಾ, ಮಲಬಾರುಗಳನ್ನ ಸುತ್ತಿ, ಎಲ್ಲೆಲ್ಲಿ ಯಾವ ಬೆಳೆ, ಯಾವ ಕಸುಬು ಅಂತ ಬರೆದುಕೊಂಡು ಹೋದ ಫ್ರಾನ್ಸಿಸ್ ಬುಕಾನನ್. ನಮ್ಮ ನಗರ, ಇಕ್ಕೇರಿ ಕಡೆಗೂ ಬಂದಿದ್ದ. ಕೊನೆಗಾಲದಲ್ಲಿ ತಾಯಿಯ ಮನೆತನದ ಹೆಸರು ಹ್ಯಾಮಿಲ್ಟನ್ ಅಂತ ಇಟ್ಕೊಂಡ. ಇದು ಗೊತ್ತಾದ ದಿನ ನಾನು ಅಪ್ಪಂಗೆ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದ್ದೆ. ಅಪ್ಪ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದವರು, ಇಂಥದ್ದೆಲ್ಲ ಅವರಿಗೆ ಹಬ್ಬದೂಟ.

ಈ ಮೀನು ಪ್ರಯೋಗಾಲಯಕ್ಕೆ ಬಂದಿದ್ದು ಜಾರ್ಜ್ ಸ್ಟ್ರೈಸಿಂಗರ್ ಅನ್ನೋ ವಿಜ್ಞಾನಿಯಿಂದ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಇದರ ಜೊತೆ ಗುದ್ದಾಡಿ 1981ರಲ್ಲಿ ಮುಖ್ಯವಾದ ಪ್ರಬಂಧ ಪ್ರಕಟಿಸಿದರು. ಇವತ್ತು ಜಗತ್ತಿನ ಎಷ್ಟೋ ಲ್ಯಾಬುಗಳಲ್ಲಿ ಈ ಮೀನಿದೆ. ಯಾಕಿಷ್ಟು ಮರ್ಯಾದೆ ಅಂದ್ರೆ, ಇದರ ಮೊಟ್ಟೆ ಗಾಜಿನ ಹಾಗೆ ಪಾರದರ್ಶಕ. ತಾಯಿಯ ಹೊಟ್ಟೆಯೊಳಗೆ ಗುಟ್ಟಾಗಿ ನಡೆಯೋ ಕೆಲಸ ಇಲ್ಲಿ ನಮ್ಮ ಕಣ್ಣೆದುರಿಗೇ ನಡೆಯತ್ತೆ.

ಬೆಳಿಗ್ಗೆ ಲೈಟ್ ಹತ್ತಿದ ಸ್ವಲ್ಪ ಹೊತ್ತಿಗೆ ಮೊಟ್ಟೆ ಇಡ್ತವೆ. ಒಂಬತ್ತು ಗಂಟೆಗೆ ಅಂತ ಇಟ್ಕೊಳ್ಳಿ. ಆಗ ಅದು ಒಂದೇ ಒಂದು ಜೀವಕೋಶ. ಒಂಬತ್ತೂ ಮುಕ್ಕಾಲಿಗೆ ಎರಡಾಗತ್ತೆ. ಅಲ್ಲಿಂದ ಕಾಲು ಗಂಟೆಗೊಮ್ಮೆ ದುಪ್ಪಟ್ಟು. ಹತ್ತಕ್ಕೆ ನಾಲ್ಕು, ಹತ್ತೂ ಕಾಲಿಗೆ ಎಂಟು... ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಸುಮಾರು ಸಾವಿರ ಕೋಶಗಳ ಪುಟ್ಟ ಗುಡ್ಡೆ. ಸಂಜೆ ಏಳಕ್ಕೆ ನಾನು ಬ್ಯಾಗ್ ಹಾಕ್ಕೊಂಡು ಮನೆಗೆ ಹೊರಡೋ ಹೊತ್ತಿಗೆ ಬೆನ್ನಿನ ಗುಂಟ ಒಂದು ದಪ್ಪ ಪಟ್ಟಿ ಕಾಣ್ಸತ್ತೆ, ಮೆದುಳು ಆಗಬೇಕಾದ ಜಾಗ ಅದು. ನಮ್ಮಲ್ಲಾದ್ರೆ ಈ ಪಟ್ಟಿ ಅಂಚು ಮಡಚಿಕೊಂಡು, ವೀಳ್ಯದೆಲೆ ಸುರುಳಿ ಸುತ್ತಿದ ಹಾಗೆ, ಕೊಳವೆ ಆಗತ್ತೆ. ಮೀನಿನಲ್ಲಿ ಮೊದಲು ಗಟ್ಟಿ ಕಡ್ಡಿಯಾಗಿ ಒಳಗಿಳಿದು, ಆಮೇಲೆ ನಡುವೆ ಟೊಳ್ಳು ಬಿಡತ್ತೆ. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಬಂದು ನೋಡಿದ್ರೆ ಮುಮ್ಮೆದುಳು, ನಡುಮೆದುಳು, ಹಿಮ್ಮೆದುಳು ಬೇರೆ ಬೇರೆ ಗುರುತಿಸಬಹುದು. ಕಣ್ಣು ಮೂಡಿರತ್ತೆ. ಹೃದಯ ಆಗಷ್ಟೇ ಮಿಡಿಯೋಕೆ ಶುರು ಮಾಡಿರತ್ತೆ. ಮೂರನೇ ದಿನದ ಹೊತ್ತಿಗೆ ಮೊಟ್ಟೆಯಿಂದ ಹೊರಗೆ. ಐದನೇ ದಿನ ತಾನೇ ಬೇಟೆ ಆಡತ್ತೆ, ಸುಮಾರು ಒಂದು ಲಕ್ಷ ನರಕೋಶಗಳ ಮೆದುಳು ಇಟ್ಕೊಂಡು. ಇದನ್ನ ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ. ಆದ್ರೂ ಪ್ರತಿ ಸಲ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯೋಕೆ ಮನಸ್ಸಾಗಲ್ಲ.

ಈಗ ಮುಖ್ಯ ವಿಷಯ. ಮೂಳೆಮೀನುಗಳ ಮೆದುಳು ಎರಡು ಥರದಲ್ಲಿ ನಮ್ಮದಕ್ಕಿಂತ ಬೇರೆ. ಮೂಳೆಮೀನು ಅಂದ್ರೆ ನಮ್ಮ ಬಂಗುಡೆ, ಬೂತಾಯಿ, ಅಂಜಲ್, ರೋಹು, ಕಾಟ್ಲಾ ಎಲ್ಲ. ಶಾರ್ಕು, ತೊರಕೆ ಬೇರೆ, ಅವುಗಳದ್ದು ಮೆದುಮೂಳೆ. ಬೆನ್ನೆಲುಬಿರೋ ಪ್ರಾಣಿಗಳ ಜಾತಿಗಳಲ್ಲಿ ಸುಮಾರು ಅರ್ಧ ಈ ಮೂಳೆಮೀನುಗಳೇ.

ಮೊದಲನೇ ವ್ಯತ್ಯಾಸ, ಮುಮ್ಮೆದುಳು ಅರಳೋ ರೀತಿ. ನಮ್ಮಲ್ಲಿ ಆ ಕೊಳವೆಯ ಗೋಡೆ ಎರಡೂ ಕಡೆ ಬಲೂನಿನ ಹಾಗೆ ಉಬ್ಬತ್ತೆ. ಹೊಸ ಕೋಶ ಹುಟ್ಟಿಸೋ ಪದರ ಆ ಬಲೂನಿನ ಒಳಗೋಡೆಯಲ್ಲಿ, ಆಳದಲ್ಲಿ ಉಳಿದುಬಿಡತ್ತೆ. ಇಂಥ ಬಹುಪಾಲು ಮೀನುಗಳಲ್ಲಿ ಗೋಡೆ ಉಬ್ಬೋ ಬದಲು ಹೊರಕ್ಕೆ ಮಗುಚಿಕೊಳ್ಳತ್ತೆ, ಅಂಗಿಯ ಕಾಲರ್ ಮಡಚಿದಾಗ ಒಳಮೈ ಹೊರಗೆ ಬರತ್ತಲ್ಲ, ಹಾಗೆ. ಕೋಶ ಹುಟ್ಟಿಸೋ ಪದರ ಮೇಲ್ಗಡೆಗೇ ಬಂದು ಕೂರತ್ತೆ, ಅದರ ಮೇಲೊಂದು ತೆಳು ಪೊರೆ ಅಷ್ಟೆ. ಇದರಿಂದ ನೋಡುವವರಿಗೆ ಅನುಕೂಲ. 2015ರಲ್ಲಿ ಮ್ಯೂನಿಕ್ಕಿನ ವಿಜ್ಞಾನಿಗಳು ಬದುಕಿರೋ ದೊಡ್ಡ ಮೀನಿನಲ್ಲೇ ಒಂದೊಂದು ಆಕರಕೋಶವನ್ನ ದಿನಗಟ್ಟಲೆ ಹಿಂಬಾಲಿಸಿ ಅದು ಏನಾಗತ್ತೆ ಅಂತ ನೋಡಿದ್ರು.

ಎರಡನೇ ವ್ಯತ್ಯಾಸವೇ ನಮ್ಮ ಮನೆಯೊಳಗೆ ಬಂದು ಕೂತಿದ್ದು. ಮೀನಿನ ಮೆದುಳು ಕಟ್ಟೋ ಕೆಲಸ ಮುಗಿಯೋದೇ ಇಲ್ಲ.

ನಮ್ಮಲ್ಲಿ ಹುಟ್ಟೋ ಮೊದಲೇ ಬಹುಪಾಲು ನರಕೋಶ ತಯಾರಾಗಿಬಿಟ್ಟಿರ್ತವೆ. ಅವನ್ನ ತಯಾರು ಮಾಡಿದ 'ರೇಡಿಯಲ್ ಗ್ಲಿಯಾ' ಅನ್ನೋ ಕೋಶಗಳು ಕಾಮಗಾರಿ ಮುಗಿದ ಮೇಲೆ ತಮ್ಮ ಕಸುಬು ಬಿಟ್ಟು ಬೇರೆ ಥರದ ಸಹಾಯಕ ಕೋಶಗಳಾಗ್ತವೆ. ಮೀನಿನಲ್ಲಿ ಈ ಮೇಸ್ತ್ರಿಗಳು ಜೀವನಪೂರ್ತಿ ಕರಣೆ ಕೆಳಗಿಡಲ್ಲ. ಜೀಬ್ರಾ ಮೀನಿನ ದೊಡ್ಡ ಮೆದುಳಲ್ಲಿ ಇಂಥ 16 ಜಾಗಗಳನ್ನ 2006ರಲ್ಲಿ ಗುರುತಿಸಿದ್ರು. ಅದಕ್ಕೂ ಒಂದು ವರ್ಷ ಮುಂಚೆ ಝೂಪಾಂಕ್ ಮತ್ತವರ ಸಂಗಡಿಗರು ಲೆಕ್ಕ ಹಾಕಿದ ಪ್ರಕಾರ, ಯಾವುದೇ ಅರ್ಧ ಗಂಟೆಯಲ್ಲಿ ಸುಮಾರು 6,000 ಹೊಸ ಕೋಶ. ಇಡೀ ಮೆದುಳಿನಲ್ಲಿ ಇರೋದೇ ಒಂದು ಕೋಟಿ ಕೋಶ ಅಂತ ಅವರ ಅಂದಾಜು. ವಿಭಜನೆ ಆಗೋಕೆ ಹೊರಟ ಕೋಶ ಡಿಎನ್‌ಎ ನಕಲು ಮಾಡ್ಕೊಳ್ಳುವಾಗ ಅದರೊಳಗೆ ಸೇರಿಕೊಳ್ಳೋ ಒಂದು ರಾಸಾಯನಿಕ ಕೊಟ್ಟು, ಆಮೇಲೆ ಗುರುತು ಹತ್ತಿದ ಕೋಶಗಳನ್ನ ಎಣಿಸ್ತಾರೆ. ಹುಟ್ಟಿದ್ದೆಲ್ಲ ಉಳಿಯಲ್ಲ, ಹತ್ತಿರ ಹತ್ತಿರ ಅರ್ಧ ಸಾಯ್ತವೆ. ಉಳಿದರ್ಧ ಅಲ್ಲೇ ನೆಲೆ ಊರ್ತವೆ.

ಗೋಲ್ಡ್ ಫಿಷ್ ಕಣ್ಣು ಇನ್ನೂ ಚೆಂದ. ಮೀನು ದೊಡ್ಡದಾದ ಹಾಗೆ ಕಣ್ಣೂ ದೊಡ್ಡದಾಗತ್ತೆ, ರೆಟಿನಾದ ಅಂಚಿನಲ್ಲಿ ಹೊಸ ಕೋಶಗಳ ಉಂಗುರ ಸೇರ್ತಾ ಹೋಗತ್ತೆ, ಥೇಟ್ ಮರದ ಕಾಂಡದ ವರ್ಷದುಂಗುರ. ಕಣ್ಣು ಬೆಳೆದ ಮೇಲೆ ಮೆದುಳಿನಲ್ಲಿ ಆ ಕಣ್ಣಿನ ಸುದ್ದಿ ತಲುಪೋ ಜಾಗವೂ ಬೆಳೀಬೇಕಲ್ಲ, ಅದೂ ಬೆಳೆಯತ್ತೆ. ಇಡೀ ಮನೆ ದೊಡ್ಡದಾಗ್ತಾ ಇರುವಾಗ ವೈರಿಂಗ್ ಮಾಡುವವನಿಗೆ ರಜಾ ಕೊಡೋಕಾಗಲ್ಲ ನೋಡಿ.

ಇದನ್ನೆಲ್ಲ ನಾನು ಊರಿಗೆ ಹೋದಾಗ ಜಗಲಿ ಮೇಲೆ ಕೂತು ಅಪ್ಪಂಗೆ ಹೇಳ್ತಿದ್ದೆ. ಅವರು ಅಡಿಕೆ ಸುಲೀತಾ "ಹೌದಾ! ಅರ್ಧ ಗಂಟೆಗೆ ಆರು ಸಾವಿರವಾ?" ಅಂತ ಕಣ್ಣರಳಿಸ್ತಿದ್ರು.

ಎರಡು ವರ್ಷದ ಹಿಂದೆ, ಆಷಾಢದ ಒಂದು ಬೆಳಿಗ್ಗೆ, ಅಪ್ಪಂಗೆ ಲಕ್ವ ಹೊಡೀತು. ಆಗ ಅವರಿಗೆ 68. ತೋಟಕ್ಕೆ ಹೊರಟವರು ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ರಂತೆ. ಬಲಗೈ ಜೋತುಬಿದ್ದಿತ್ತು, ಬಾಯಿ ಒಂದು ಕಡೆ ಎಳೆದಿತ್ತು, ಮಾತು ಬರ್ತಿರಲಿಲ್ಲ. ಮಳೆಗೆ ಮರ ಬಿದ್ದು ರಸ್ತೆ ಬಂದ್. ದೊಡ್ಡಾಸ್ಪತ್ರೆ ಮುಟ್ಟೋವಷ್ಟರಲ್ಲಿ ಆರು ಗಂಟೆ ಕಳೆದಿತ್ತು. ಹೆಪ್ಪುಗಟ್ಟಿದ ರಕ್ತ ಕರಗಿಸೋ ಇಂಜೆಕ್ಷನ್ ಒಂದಿದೆ, ಅದನ್ನ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಾನು ಬೆಂಗಳೂರಿಂದ ಬಸ್ಸಲ್ಲಿ ಬರ್ತಾ ಇದ್ದೆ. ಎಲ್ಲೋ ಓದಿದ್ದ ಒಂದು ಅಂಕಿ ತಲೆಯೊಳಗೆ ಕೂತುಬಿಟ್ಟಿತ್ತು. ದೊಡ್ಡ ರಕ್ತನಾಳ ಕಟ್ಟಿಕೊಂಡಾಗ ಚಿಕಿತ್ಸೆ ಇಲ್ಲದ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯ್ತವಂತೆ. ಮನುಷ್ಯನ ಮೆದುಳಲ್ಲಿ ಇರೋದು ಸುಮಾರು 8,600 ಕೋಟಿ. ಅರಸೀಕೆರೆ ದಾಟೋವರೆಗೂ ಬರೀ ಗುಣಾಕಾರ ಮಾಡ್ತಾ ಕೂತಿದ್ದೆ.

ಅಪ್ಪ ಉಳಿದ್ರು. ಕಾಲು ಸ್ವಲ್ಪ ಬಂತು, ಕೋಲು ಹಿಡಿದು ಅಂಗಳ ದಾಟೋ ಹಾಗಾದ್ರು. ಮಾತು ಹೋಗಿತ್ತು. ನಾವು ಹೇಳಿದ್ದು ಬಹುತೇಕ ಅರ್ಥ ಆಗ್ತಿತ್ತು, ಆದ್ರೆ ಅವರಿಗೆ ಬೇಕಾದ ಪದ ಸಿಗ್ತಿರಲಿಲ್ಲ. ನೀರು ಬೇಕಾದ್ರೆ "ಅದು... ಅದು..." ಅಂತ ಕೈ ತೋರಿಸಿ, ಆಗದೇ ಇದ್ದಾಗ ಮುಖ ತಿರುಗಿಸಿಬಿಡ್ತಿದ್ರು. ನಲವತ್ತು ಮಕ್ಕಳ ಕ್ಲಾಸನ್ನ ಮಾತಲ್ಲೇ ಹಿಡಿದಿಡ್ತಿದ್ದ ಮನುಷ್ಯ. ವಿಚಿತ್ರ ಏನಂದ್ರೆ, ಮಗ್ಗಿ ಶುರು ಮಾಡಿಕೊಟ್ರೆ ಮುಂದಕ್ಕೆ ಹೋಗ್ತಿದ್ರು! "ಎರಡೊಂದ್ಲ..." ಅಂತ ಅಮ್ಮ ಅಂದ್ರೆ ಸಾಕು, "ಎರಡೆಂಟ್ಲ ಹದಿನಾರು"ವರೆಗೆ ತಡೆಯಿಲ್ಲದೆ. ನೀರು ಅನ್ನೋಕೆ ಆಗದವರಿಗೆ ಮಗ್ಗಿ ಹೇಗೆ ಬರತ್ತೆ ಅಂತ ಅಮ್ಮಂಗೆ ಅರ್ಥವೇ ಆಗಿರಲಿಲ್ಲ. ಬಾಯಿಪಾಠ ಮಾಡಿದ್ದು ಬೇರೆ ದಾರಿಯಲ್ಲಿ ಬರತ್ತೆ, ಹೀಗೆ ಮಾತು ಹೋದ ಎಷ್ಟೋ ಜನರಲ್ಲಿ ಹಾಡು, ಎಣಿಕೆ, ಮಂತ್ರ ಉಳಿದಿರತ್ತೆ ಅಂತ ಡಾಕ್ಟರು ಹೇಳಿದ್ರು.

ಮೂರು ತಿಂಗಳಾದ ಮೇಲೆ ಒಂದು ಸಂಜೆ, ನಾನು ಪಕ್ಕದಲ್ಲಿ ಕೂತು ಮೊಬೈಲಲ್ಲಿ ಲ್ಯಾಬಿನ ಫೋಟೋ ತೋರಿಸ್ತಿದ್ದೆ. ಅಪ್ಪ ಒಂದು ಫೋಟೋ ಮೇಲೆ ಎಡಗೈ ಬೆರಳಿಟ್ರು. ತುಂಬ ಹೊತ್ತು ಕಷ್ಟಪಟ್ಟು ಹೇಳಿದ್ರು.

"ಮೀನು... ಸರಿ." ಆಮೇಲೆ ಬೆರಳು ತಮ್ಮ ತಲೆ ಮೇಲೆ. "ನಾನು?"

ನಾನು ಅಲ್ಲಿಂದ ಎದ್ದು ಹಿತ್ತಲಿಗೆ ಹೋಗಿ ನಿಂತಿದ್ದೆ ಸ್ವಲ್ಪ ಹೊತ್ತು.

ಅದೇ ವಾರ ನಮ್ಮ ದೊಡ್ಡಪ್ಪನ ಮಗ ವಾಟ್ಸಾಪಲ್ಲಿ ಒಂದು ಜಾಹೀರಾತು ಕಳಿಸಿದ. ಸ್ಟೆಮ್ ಸೆಲ್ ಇಂಜೆಕ್ಷನ್. ಲಕ್ವ ಹೊಡೆದವರ ಮೆದುಳಿನಲ್ಲಿ ಹೊಸ ಕೋಶ ಬೆಳೆಸಿಕೊಡ್ತೀವಿ ಅಂತ. ಫೋನ್ ಮಾಡಿ ವಿಚಾರಿಸಿದ್ರೆ ಎಂಟು ಲಕ್ಷ. ಮನೆಯಲ್ಲಿ ಅಷ್ಟು ದುಡ್ಡಿಲ್ಲ, ಹೊಳೆ ಪಕ್ಕದ ಅರ್ಧ ಎಕರೆ ತೋಟ ಕೊಟ್ರೆ ಆಗತ್ತೆ ಅಂತ ಅಮ್ಮ. ಕೊಳ್ಳೋಕೆ ಜನವೂ ಇದ್ರು. ಎಲ್ಲರೂ ನನ್ನ ಮುಖ ನೋಡಿದ್ರು. "ನೀನೇ ಹೇಳ್ತಿದ್ಯಲ್ಲೇ, ಮೀನಿಗೆ ಮೆದುಳು ಮತ್ತೆ ಬೆಳೆಯತ್ತೆ ಅಂತ. ಮೀನಿಗಾಗೋದು ಮನುಷ್ಯರಿಗೆ ಯಾಕಾಗಲ್ಲ?" ಅಮ್ಮನ ಪ್ರಶ್ನೆಯೂ ಅದೇ, ಮಾತು ಸ್ವಲ್ಪ ಜಾಸ್ತಿ.

ಒಂದು ವಾರ ರಜಾ ಹಾಕಿ ನಾನು ಮತ್ತೆ ಓದಿದೆ. ಕೆಲಸಕ್ಕಾಗಿ ಓದೋದು ಬೇರೆ, ಮನೆಗಾಗಿ ಓದೋದು ಬೇರೆ. ನನಗೆ ಅರ್ಥ ಆಗಿದ್ದು ಇಷ್ಟು.

ಮೀನಿನ ಮೆದುಳಿಗೆ ಪೆಟ್ಟಾದಾಗ, ದಿನಾ ಕೆಲಸ ಮಾಡ್ತಿದ್ದ ಅದೇ ಮೇಸ್ತ್ರಿಗಳು ಆ ಕಡೆ ತಿರುಗ್ತಾರೆ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ 2011ರಲ್ಲಿ ಇದನ್ನ ತೋರಿಸಿದ್ರು. ರೇಡಿಯಲ್ ಗ್ಲಿಯಾ ವಿಭಜಿಸಿ, ಹೊಸ ನರಕೋಶ ಗಾಯದ ಜಾಗಕ್ಕೆ ಹೋಗಿ ಸೇರಿಕೊಳ್ಳತ್ತೆ. 2012ರಲ್ಲಿ ಅದೇ ಗುಂಪು ಇನ್ನೊಂದು ಕಂಡುಕೊಂಡಿತು. ಈ ಕೆಲಸಕ್ಕೆ ಕರೆ ಹೋಗೋದು ಊತದಿಂದ, ಅಂದ್ರೆ ಪೆಟ್ಟಾದಾಗ ದೇಹ ತೋರಿಸೋ ಉರಿಯೂತದಿಂದ. ಉರಿಯೂತ ತಗ್ಗಿಸಿದ್ರೆ ರಿಪೇರಿಯೂ ತಗ್ಗತ್ತೆ. ಪೆಟ್ಟೇ ಆಗದ ಮೀನಿಗೆ ಉರಿಯೂತದ ಒಂದು ರಾಸಾಯನಿಕ ಕೊಟ್ರೆ ಹೊಸ ಕೋಶ ಹುಟ್ಟೋದು ಶುರುವಾಗತ್ತೆ. ನಮ್ಮಲ್ಲಿ ಹಾಗಲ್ಲ. ಗಾಯದ ಸುತ್ತ ಗ್ಲಿಯಾ ಕೋಶಗಳು ಸೇರಿ ಒಂದು ಗಡಸು ಕಲೆ ಕಟ್ತವೆ. ಅದು ಶತ್ರು ಅಂದ್ಕೋಬೇಡಿ. ಹಾಳಾದ ಜಾಗದಿಂದ ಉಳಿದ ಮೆದುಳಿಗೆ ಕೇಡು ಹರಡದ ಹಾಗೆ ಹಾಕಿದ ಅಗಳು ಅದು. ಆದ್ರೆ ಅಗಳಿನೊಳಗೆ ಹೊಸ ಸಸಿ ಏಳೋದು ಕಷ್ಟ.

ಅಂದ್ರೆ ಮೀನಿಗಿರೋದು ಒಂದು ಔಷಧಿಯಲ್ಲ. ಬೆಳೆಯೋದನ್ನ ನಿಲ್ಲಿಸದೇ ಇರೋ ಜೀವನಕ್ರಮ ಅದು. ರಿಪೇರಿ ಅದರ ಒಂದು ಭಾಗ. ಅದರಿಂದ ಒಂದು ಸಿರಿಂಜಿನಷ್ಟು ತೆಗೆದು ಬೇರೆಯವರ ತಲೆಗೆ ಹಾಕೋಕೆ ಬರಲ್ಲ. ಮೀನಿನಲ್ಲೂ ಎಲ್ಲ ಕಾಲಕ್ಕೂ ಇದು ನಡೆಯಲ್ಲ. ಆಫ್ರಿಕಾದ ಮಳೆಗುಂಡಿಗಳಲ್ಲಿ ಕೆಲವೇ ತಿಂಗಳು ಬದುಕೋ ಕಿಲ್ಲಿಫಿಷ್ ಅಂತ ಒಂದಿದೆ. ಬೆಲ್ಜಿಯಂನಲ್ಲಿ 2021ರಲ್ಲಿ ನೋಡಿದ್ರೆ, ಮುದಿ ಕಿಲ್ಲಿಫಿಷ್ ಮೆದುಳು ಪೆಟ್ಟಿನಿಂದ ಪೂರ್ತಿ ಚೇತರಿಸಿಕೊಳ್ಳಲ್ಲ, ನಮ್ಮ ಹಾಗೇ ಕಲೆ ಕಟ್ಕೊಳ್ಳತ್ತೆ. ಇನ್ನು ಮನುಷ್ಯರಲ್ಲಿ ಹೊಸ ನರಕೋಶ ಹುಟ್ಟೋದೇ ಇಲ್ವಾ? ಜ್ಞಾಪಕಕ್ಕೆ ಬೇಕಾದ ಹಿಪೊಕ್ಯಾಂಪಸ್‌ನಲ್ಲಿ ಹುಟ್ಟತ್ತೆ ಅಂತ 1998ರಲ್ಲಿ ಹೇಳಿದ್ರು. 2018ರಲ್ಲಿ ಒಂದು ಗುಂಪು ದೊಡ್ಡವರಲ್ಲಿ ಇಲ್ಲ ಅಂತು, ಅದೇ ವರ್ಷ ಇನ್ನೊಂದು ಗುಂಪು ಇದೆ ಅಂತು. 2025ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ದೊಡ್ಡವರಲ್ಲೂ ಅಲ್ಲಿ ವಿಭಜಿಸೋ ಆಕರಕೋಶ ಸಿಕ್ಕಿವೆ ಅಂತ ಪ್ರಕಟಿಸಿದ್ರು. ಇದ್ರೂ ಅದು ಸಣ್ಣ ಮೂಲೆ, ಅಪ್ಪನ ಮಾತು ಹೋದ ಜಾಗ ಅದಲ್ಲ.

ಇಂಜೆಕ್ಷನ್ ವಿಷಯಕ್ಕೂ ಉತ್ತರ ಸಿಕ್ತು. ನಮ್ಮ ದೇಶದ 2017ರ ರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ ರಕ್ತದ ಕೆಲವು ಕಾಯಿಲೆಗಳಂಥ ಒಪ್ಪಿತ ಚಿಕಿತ್ಸೆ ಬಿಟ್ರೆ ಉಳಿದ ಸ್ಟೆಮ್ ಸೆಲ್ ಬಳಕೆಯೆಲ್ಲ ಪ್ರಯೋಗ, ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್ಲಿನ ಒಳಗೆ ಮಾತ್ರ ಮಾಡಬೇಕು. ಫೋನಿನಲ್ಲಿ ರೇಟು ಹೇಳೋ ಸಾಮಾನಲ್ಲ ಅದು.

ಆದ್ರೆ ಬರೀ 'ಇಲ್ಲ' ಅಂತ ಹೇಳೋಕೆ ನನಗೆ ಮನಸ್ಸಿರಲಿಲ್ಲ. ಅಷ್ಟರಲ್ಲಿ ಒಂದು ಹಳೇ ಪ್ರಯೋಗ ಕಣ್ಣಿಗೆ ಬಿತ್ತು. ಅದೇ ಗೋಲ್ಡ್ ಫಿಷ್. ಕಣ್ಣಿನ ನರ ಕತ್ತರಿಸಿದ್ರೆ ಅದು ಮತ್ತೆ ಬೆಳೆದು ಮೆದುಳು ಮುಟ್ಟತ್ತೆ, ಕೆಲವು ವಾರದಲ್ಲಿ ದೃಷ್ಟಿ ಬರತ್ತೆ. ರೋಜರ್ ಸ್ಪೆರ್ರಿ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಹೆಸರಾದ ವಿಷಯ ಇದು. ಆ ನರದ ಎಳೆಗಳು ತಮ್ಮ ಹಳೇ ವಿಳಾಸವನ್ನ ಸುಮಾರಾಗಿ ಹುಡುಕ್ಕೋತವೆ. ಸುಮಾರಾಗಿ ಅಷ್ಟೆ. ಬೀದಿ ಸಿಗತ್ತೆ, ಮನೆ ನಂಬರ್ ಸಿಗಲ್ಲ. ಮೀನು ಕಣ್ಣು ಬಿಟ್ಟು ಲೋಕ ನೋಡ್ತಾ ನೋಡ್ತಾ ಒಂದೊಂದು ಎಳೆಯೂ ಸರಿಯಾದ ಬಾಗಿಲಿಗೆ ಬಂದು ನಿಲ್ಲತ್ತೆ. 1980ರ ದಶಕದಲ್ಲಿ ಇದನ್ನ ಪರೀಕ್ಷೆ ಮಾಡಿದ್ರು. ನರ ಬೆಳೀತಾ ಇರೋ ಮೀನನ್ನ ಪೂರ್ತಿ ಕತ್ತಲಲ್ಲಿ ಇಟ್ರು. ಇನ್ನೂ ಕೆಲವನ್ನ ಪಟಪಟ ಹೊತ್ತಿ ಆರೋ ದೀಪದ ಕೆಳಗಿಟ್ರು. ಅಲ್ಲಿ ಎಲ್ಲ ಕೋಶಕ್ಕೂ ಒಂದೇ ಸಲ ಒಂದೇ ಸುದ್ದಿ, ನೋಡೋಕೆ ಏನೂ ಇಲ್ಲ. ನರ ಬೆಳೀತು. ನಕ್ಷೆ ಮಾತ್ರ ಮಸುಕು ಮಸುಕಾಗೇ ಉಳೀತು.

ನಾನು ಇದನ್ನ ಎರಡು ಸಲ ಓದಿದೆ. ಮೂಳೆಮೀನಿನಂಥ ಮೀನಿಗೂ, ಬೆಳೆಯೋದಷ್ಟೇ ಸಾಲದು! ಹೊಸದಾಗಿ ಬಂದ ಎಳೆಗೆ ಏನು ಗೊತ್ತಿರತ್ತೆ? ಅದಕ್ಕೆ ಬಳಕೆಯೇ ಪಾಠ. ಇನ್ನೊಂದು ಪ್ರಯೋಗವೂ ನೆನಪಾಯ್ತು. 2006ರಲ್ಲಿ ಅಮೆರಿಕದಲ್ಲಿ ಸಾಕುತೊಟ್ಟಿಯ ಸ್ಟೀಲ್‌ಹೆಡ್ ಮರಿಗಳನ್ನ ನೋಡಿದಾಗ, ಬೋಳು ತೊಟ್ಟಿಯಲ್ಲಿ ಬೆಳೆದವುಗಳಿಗಿಂತ ತಳದಲ್ಲಿ ಒಂದಿಷ್ಟು ಕಲ್ಲು ಹಾಕಿದ ತೊಟ್ಟಿಯಲ್ಲಿ ಬೆಳೆದವುಗಳ ಕಿರುಮೆದುಳು ದೊಡ್ಡದಿತ್ತು. ಬರೀ ಕಲ್ಲು!

ಹೊಸ ಕೋಶ ಹುಟ್ಟೋದರಲ್ಲಿ ನಾವು ಮೀನಿನ ಹತ್ತಿರಕ್ಕೂ ಹೋಗಲ್ಲ. ಬಳಸಿ ಬಳಸಿ ನಂಟು ತಿದ್ದಿಕೊಳ್ಳೋದರಲ್ಲಿ ಮಾತ್ರ ನಾವೂ ಅವೂ ಒಂದೇ ಶಾಲೆಯವರು. ಲಕ್ವ ಹೊಡೆದವರು ಚೇತರಿಸಿಕೊಳ್ಳೋದು ಬಹುಪಾಲು ಹೀಗೇ. ಸತ್ತ ಕೋಶ ವಾಪಸ್ ಬರಲ್ಲ. ಅಕ್ಕಪಕ್ಕದಲ್ಲಿ ಉಳಿದವು ಹೊಸ ನಂಟು ಕಟ್ಕೊಂಡು ಆ ಕೆಲಸದ ಸ್ವಲ್ಪ ಭಾಗ ಕಲಿತ್ಕೋತವೆ. ಮೊದಲ ಕೆಲವು ತಿಂಗಳು ಬೇಗ, ಆಮೇಲೆ ನಿಧಾನ. ಕಲಿಸಿದ್ರೆ ಕಲೀತವೆ.

ಅಪ್ಪಂಗೆ ಇದನ್ನೇ ಹೇಳಿದೆ. ಸುಳ್ಳು ಸಮಾಧಾನ ಹೇಳೋಕೆ ಹೋಗಲಿಲ್ಲ, ಮೇಷ್ಟ್ರ ಹತ್ತಿರ ಅದೆಲ್ಲ ನಡೆಯಲ್ಲ. "ಅಪ್ಪಾ, ಮೀನಿಗೆ ಹೊಸ ಹುಡುಗರು ಬರ್ತಾನೇ ಇರ್ತಾರೆ. ನಿನ್ನ ಕ್ಲಾಸಿಗೆ ಹೊಸ ಅಡ್ಮಿಷನ್ ಇಲ್ಲ. ಇರೋ ಹುಡುಗರಿಗೇ, ಬಿಟ್ಟುಹೋದವರ ಪಾಠಾನೂ ಸೇರಿಸಿ ಹೇಳಿಕೊಡಬೇಕು" ಅಂದೆ. ಅವರು ನನ್ನನ್ನೇ ನೋಡ್ತಾ ಇದ್ರು. ಆಮೇಲೆ ನಿಧಾನಕ್ಕೆ ಎಡಗೈ ಎತ್ತಿ, ಹಳೇ ಅಭ್ಯಾಸದಲ್ಲಿ, ಗಾಳಿಯಲ್ಲಿ ಬೋರ್ಡಿನ ಮೇಲೆ ಬರೆದ ಹಾಗೆ ಮಾಡಿದ್ರು. ತೋಟದ ಮಾತು ಬಂದಾಗ ತಲೆ ಅಡ್ಡಡ್ಡ ಆಡಿಸಿದ್ರು. ಅಮ್ಮ ಮತ್ತೆ ಆ ಸುದ್ದಿ ಎತ್ತಲಿಲ್ಲ.

ಮರುವಾರದಿಂದ ದಿನಾ ಎರಡು ಹೊತ್ತು ಪಾಠ. ಮಾತು ಕಲಿಸೋ ಥೆರಪಿಸ್ಟ್ ಹೇಳಿಕೊಟ್ಟ ಹಾಗೆ, ಸುಮ್ಮನೆ ಪದ ಹೇಳಿಸೋದಲ್ಲ, ಸಾಮಾನು ಕೈಗೆ ಕೊಟ್ಟು, ಬಳಸ್ತಾ ಹೇಳಿಸೋದು. ಲೋಟ, ಕತ್ತಿ, ಹಗ್ಗ, ಬಾಳೆಎಲೆ. ಅಮ್ಮ ಮನೆಯನ್ನ ಬೋಳು ತೊಟ್ಟಿ ಆಗೋಕೆ ಬಿಡಲಿಲ್ಲ. ಬಂದವರನ್ನೆಲ್ಲ ಅಪ್ಪನ ಎದುರಿಗೇ ಕೂರಿಸಿ ಮಾತಾಡಿಸ್ತಾಳೆ, "ಪಾಪ, ಸುಸ್ತಾಗತ್ತೆ" ಅಂತ ಯಾರಾದ್ರೂ ಒಳಗೆ ಬಂದ್ರೆ ಬೈದು ವಾಪಸ್ ಕಳಿಸ್ತಾಳೆ :) ಬಾಯಿಪಾಠ ಉಳಿದಿತ್ತಲ್ಲ, ಅದನ್ನೂ ಬಿಡಲಿಲ್ಲ. ಬೇಕಾದ ಪದ ಸಿಗದಾಗ ಅಪ್ಪ ಮಗ್ಗಿ ಹೇಳ್ತಾ ಹೇಳ್ತಾ ಅದರ ಲಯದಲ್ಲೇ ಆ ಪದ ಹಿಡಿಯೋಕೆ ನೋಡ್ತಾರೆ. ಕೆಲವು ಸಲ ಸಿಗತ್ತೆ.

ಈಗ ಎಷ್ಟು ಬಂದಿದೆ ಅಂತ ಕೇಳ್ತೀರಿ. ಸಣ್ಣ ವಾಕ್ಯ ಬರತ್ತೆ. ನಾಲ್ಕು ಮಾತಿಗಿಂತ ಉದ್ದ ಆದ್ರೆ ದಾರಿ ತಪ್ಪತ್ತೆ. ಅಡಿಕೆಗೆ ಅಕ್ಕಿ ಅಂತಾರೆ, ನನಗೆ ಅತ್ತೆಯ ಹೆಸರು ಹೇಳಿ ಕರೀತಾರೆ, ತಪ್ಪು ಅಂತ ಗೊತ್ತಾಗಿ ನಗ್ತಾರೆ. ಬಲಗೈ ಮೊದಲಿನ ಹಾಗೆ ಆಗಲ್ಲ, ಅದು ನಮಗೂ ಗೊತ್ತು, ಅವರಿಗೂ ಗೊತ್ತು. ಎಡಗೈಯಲ್ಲಿ ಅಕ್ಷರ ತಿದ್ದಿದಾರೆ, ಒಂದನೇ ಕ್ಲಾಸಿನ ಮಕ್ಕಳ ಹಾಗೆ ದುಂಡಗೆ. ಪಕ್ಕದ ಮನೆ ಹುಡುಗ ಸಂಜೆ ಮಗ್ಗಿ ಕಲಿಯೋಕೆ ಬರ್ತಾನೆ. ಯಾರು ಯಾರಿಗೆ ಪಾಠ ಹೇಳ್ತಾ ಇದಾರೆ ಅಂತ ಹೇಳೋಕೆ ಬರಲ್ಲ, ಇಬ್ಬರೂ ಎಡವ್ತಾರೆ, ಇಬ್ಬರೂ ಒಬ್ಬರನ್ನೊಬ್ಬರು ತಿದ್ದುತ್ತಾರೆ.

ಮೀನಿನಿಂದ ಕಲಿತದ್ದು ಮುಂದೊಂದು ದಿನ ಲಕ್ವ ಹೊಡೆದವರಿಗೆ ಔಷಧಿ ಆದರೂ ಆಗಬಹುದು. ನಮ್ಮಲ್ಲಿರೋ ಜೀನುಗಳಲ್ಲಿ ಸುಮಾರು 70 ಶೇಕಡಕ್ಕೆ ಜೀಬ್ರಾ ಮೀನಿನಲ್ಲಿ ಒಂದಾದ್ರೂ ಜೋಡಿ ಇದೆ ಅಂತ 2013ರಲ್ಲೇ ಗೊತ್ತಾಗಿದೆ. ಹಾಗಾಗಿ ಅಷ್ಟು ದೂರದವರೇನಲ್ಲ ಅವು. ಆ ದಿನ ಬೇಗ ಬರಲಿ ಅಂತಾನೇ ನಾನು ದಿನಾ ತೊಟ್ಟಿ ತೊಳೆಯೋದು. ಆದ್ರೆ ಅಲ್ಲಿವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ ಅನ್ನೋದನ್ನೂ ಅವೇ ಹೇಳಿಕೊಟ್ಟಿದ್ದು.

ನಿಮ್ಮ ಮನೆಯಲ್ಲೂ ಹೀಗೆ ಮಾತು ಕಳ್ಕೊಂಡವರು ಇದ್ರೆ, ಏನು ಮಾಡಿದ್ರಿ, ಯಾವುದು ಫಲ ಕೊಡ್ತು ಅಂತ ದಯವಿಟ್ಟು ಬರೀರಿ, ನಮಗೂ ಬೇಕು. ಮತ್ತೆ ಇದೊಂದು ಎಲ್ಲರೂ ನೆನಪಿಟ್ಕೊಳ್ಳಿ. ಬಾಯಿ ಸೊಟ್ಟ ಆಗೋದು, ಒಂದು ಕೈ ಜೋತುಬೀಳೋದು, ಮಾತು ತೊದಲೋದು, ಇದರಲ್ಲಿ ಒಂದು ಕಂಡ್ರೂ ಎಣ್ಣೆ ಹಚ್ಚಿ ಮಲಗಿಸಿ ನೋಡೋಣ ಅನ್ನಬೇಡಿ. ಗಡಿಯಾರ ನೋಡಿ ಹೊತ್ತು ಬರ್ಕೊಂಡು ತಕ್ಷಣ ಹೊರಡಿ. ಮಳೆಗಾಲದಲ್ಲಿ ಮಲೆನಾಡಿನವರು ಇನ್ನೂ ಬೇಗ.